ಹೆಗಲಿಗೆ ಟವಲ್ಲು ಹಾಕಿದ ದೆವ್ವ

ಹಳೇ ಲಗ್ನಪತ್ರಿಕೆಯನ್ನು ರದ್ದಿಗೆ ಹಾಕದ, ತರಕಾರಿ ಹೆಚ್ಚುವಾಗಲೂ ಚಿತ್ರ ಒತ್ತಲು ಅಚ್ಚು ಹುಡುಕುವ ಅತ್ತೆಯೊಬ್ಬರು ಶಿರಾದ ಪ್ರತಿ ಬೀದಿಯಲ್ಲೂ ಇರುತ್ತಾರೆಂದು ಸ್ನೇಹಲತಾ ನಂಬಿದ್ದಾಳೆ. ಅವಳ ಅತ್ತೆ ನಾಗಕ್ಕನ ಕೈಗೆ ಬೆಂಡೆಕಾಯಿಯ ತೊಟ್ಟು ಸಿಕ್ಕರೆ ಅದು ಹೂವಾಗುತ್ತದೆ, ಆಲೂಗಡ್ಡೆ ಸಿಕ್ಕರೆ ಗಿಳಿಯಾಗುತ್ತದೆ. ತಮ್ಮ ಮಗ ಚಿಕ್ಕವನಿದ್ದಾಗ ಹೊಸ ವರ್ಷದ ಗ್ರೀಟಿಂಗ್ಸಿಗೆ ಅವರು ಉದುರಿಸುತ್ತಿದ್ದ ಮಿಂಚಿನ ಪುಡಿ ಇಂದಿಗೂ ಟ್ರಂಕಿನ ಸೀರೆಗಳಲ್ಲಿ ಮಿನುಗುತ್ತದೆ. ಈಗ ಮೊಮ್ಮಗಳು ಇಂಚರಾಳ ಶಾಲೆಯವರು ಹ್ಯಾಲೋವೀನ್ ಕಾರ್ಡು ಕೇಳಿದ್ದಾರೆ. "ದೆವ್ವಕ್ಕೂ ಹಬ್ಬನಾ? ಮಾಡ್ಬುಡಾನ ತಗಾ," ಎಂದವರೇ ನಾಗಕ್ಕ ಕಡಲೆಕಾಯಿಯನ್ನು ಉದ್ದಕ್ಕೆ ಸೀಳಿ, ಸಿಪ್ಪೆಯನ್ನು ಎಲೆಯಡಿಕೆಯ ಸುಣ್ಣದಲ್ಲಿ ಅದ್ದಿ, ಕಪ್ಪು ಕಾಗದದ ಮೇಲೆ ಒತ್ತಿದರು. ಸಣ್ಣ ತಲೆ, ದಪ್ಪ ಹೊಟ್ಟೆಯ ಬಿಳೀ ದೆವ್ವ ಎದ್ದು ನಿಂತಿತು. ಇಂಚರಾ ನಗಲಿಲ್ಲ. ತಾತ ತೀರಿಕೊಂಡಾಗಿನಿಂದ ಅವಳು ದೆವ್ವವೆಂದು ಹೆದರಿ ತಾತನ ಕೋಣೆಗೆ ಕಾಲಿಟ್ಟಿರಲಿಲ್ಲ. ಸ್ನೇಹಲತಾ ಮುದ್ದಿಸಿ ಹೇಳಿದರೂ ಇಲ್ಲ, ಗದರಿದರೂ ಇಲ್ಲ. ನಾಗಕ್ಕ ಲಗ್ನಪತ್ರಿಕೆಯ ಕೆಂಪು ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ ದೆವ್ವದ ಹೆಗಲಿಗೆ ಅಂಟಿಸಿದರು. "ಅಜ್ಜೀ, ದೆವ್ವ ಟವಲ್ ಹಾಕ್ಕೊಳಲ್ಲ. ಮಿಸ್ಸು ನಗ್ತಾರೆ." "ನಕ್ರೆ ನಗ್ಲಿ ಬುಡಮ್ಮ. ನಿಮ್ ತಾತ ಟವಲ್ಲಿಲ್ದೆ ಯಾವತ್ತಾದ್ರೂ ಆಚೆಗೆ ಹೋಗಿದ್ದುಂಟಾ?" ಇಂಚರಾ ಕೆಂಪು ಪಟ್ಟಿಯ ಅಂಚನ್ನು ಬೆರಳಿನಿಂದ ಸವರಿದಳು. "ತಾತನ ಟವಲ್ಲಿಗೆ ಅಂಚಿತ್ತು ಅಜ್ಜಿ. ಹಸಿರೋ ನೀಲಿಯೋ, ನೋಡ್ಕಂಡ್ ಬತ್ತೀನಿ ಇರು," ಎಂದು ಎದ್ದವಳು, ಆ ಟವಲ್ಲು ಇನ್ನೂ ಮೊಳೆಗೆ ತೂಗುತ್ತಿದ್ದ ಕೋಣೆಯ ಬಾಗಿಲನ್ನು ತಾನೇ ತಳ್ಳಿಕೊಂಡು ಒಳಗೆ ಹೋದಳು.