ಕೂಲಿ ಇಳಿಸಿಕೊಳ್ಳದ ವನಜಕ್ಕ

ಕುಂದಾಪುರದ ರಂಜನನ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಹೆಂಗಸರಿಗೆಲ್ಲ ಹಿರಿಯಳು ಉಪ್ಪುಂದದ ವನಜಕ್ಕ. ಗಂಡ ದೋಣಿಗೆ ಹೋಗುತ್ತಾನೆ. ಕಡಲು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುವುದು ಇವಳ ಚೂರಿಯಿಂದ. ಇವಳು ಸುಲಿದರೆ ತಿರುಳು ಇಡಿಯಾಗಿಯೇ ಉದುರುತ್ತದೆ. ಇಡಿ ತಿರುಳು ಹಡಗು ಹತ್ತುತ್ತದೆ, ತುಂಡಾದದ್ದು ಮಿಠಾಯಿ ಅಂಗಡಿಗೆ. ಎರಡನ್ನೂ ಮಾರಿಸಿಕೊಡುವವನು ನಾನು, ಹಾಗಾಗಿ ಯಾವುದರ ಮೇಲೂ ನನಗೆ ಸಿಟ್ಟಿಲ್ಲ.

ಕಳೆದ ವರ್ಷ ಅಮೆರಿಕ ಆಮದು ಸುಂಕ ಏರಿಸಿತು. ಅಲ್ಲಿನ ಖರೀದಿದಾರ ಅದನ್ನು ನಮ್ಮ ದರದಲ್ಲಿ ಕಡಿದ. ರಂಜನ ಅದನ್ನು ಹಾಗೆಯೇ ಕೆಳಗೆ ದಾಟಿಸಿ, ಕಿಲೋ ಲೆಕ್ಕದ ಕೂಲಿ ಇಳಿಸಿದ. ಸುಲಿಯುವವರು ನೆಲದ ಮೇಲೆ ಕೂತವರು. ಅವರಿಗೆ ಇನ್ನೂ ಕೆಳಗೆ ದಾಟಿಸಲು ಯಾರೂ ಇರಲಿಲ್ಲ.

ವನಜಕ್ಕ ಚೂರಿ ಕೆಳಗಿಟ್ಟಳು. ಉಳಿದವರೂ ಇಟ್ಟರು. ಮರುದಿನ ರಂಜನ ಅವಳನ್ನು ಆಫೀಸಿಗೆ ಕರೆದು, ನಿನ್ನೊಬ್ಬಳಿಗೆ ಹಳೆಯ ಕೂಲಿಯನ್ನೇ ಕೊಡುತ್ತೇನೆ, ಯಾರಿಗೂ ಹೇಳಬೇಡ ಎಂದ. ವನಜಕ್ಕನ ಬಾಯಿಗೆ ಬೀಗ ಹಾಕಲು ಇವನ ಅಪ್ಪನಿಂದಲೂ ಆಗಿರಲಿಲ್ಲ. ಅವಳು ನೇರ ಸುಲಿಯುವ ಕೋಣೆಗೆ ಬಂದು ನಿಂತಳು.

"ಹ್ವಾಯ್, ಕೇಣಿ. ಧಣಿ ನಂಗೊಬ್ಳಿಗೇ ಹಳೇ ಕೂಲಿ ಕೊಡ್ತ್ರಂಬ್ರ್. ನಿಮ್ಗೆಲ್ಲ ಎಂತಕ್ ಇಲ್ಲೆ ಅಂತ ಅವ್ರೇ ಹೇಳ್ಲಿ."

ನನ್ನನ್ನೂ ಕರೆದುಕೊಂಡು ಹಿಂದೆಯೇ ಬಂದ ರಂಜನ ಸುಂಕ, ಡಾಲರ್ ಅಂತ ಶುರುಮಾಡಿದ. ಅವಳು ಅವನನ್ನು ಬಿಟ್ಟು ನನ್ನತ್ತ ತಿರುಗಿದಳು. "ನಿಮ್ ಕಮಿಷನ್ ಎಷ್ಟ್ ಇಳ್ದಿತ್, ಸಾಹುಕಾರ್ರೆ?"

ಇಳಿದಿರಲಿಲ್ಲ. ನಾನು ಮೊಬೈಲ್ ನೋಡತೊಡಗಿದೆ.

"ಮೊದ್ಲ್ ನಿಮ್ದ್ ಇಳ್ಸಿ, ಮತ್ತೆ ಧಣಿದ್. ಅಷ್ಟಾದ್ಮೇಲೂ ಸಾಲ್ದಿದ್ರೆ ನಮ್ಮತ್ರ ಬನ್ನಿ."

ಕಂಟೇನರ್ ಹೊರಡುವ ದಿನ ಹತ್ತಿರವಾಗಿತ್ತು. ರಂಜನ ಕೆರಾಡಿ ಕಡೆಯಿಂದ ವ್ಯಾನಿನಲ್ಲಿ ಹೊಸಬರನ್ನು ತರಿಸಿದ. ಅಭ್ಯಾಸವಿಲ್ಲದ ಕೈಗಳಲ್ಲಿ ಹಡಗು ಹತ್ತಬೇಕಾದ ಮಾಲು ಮಿಠಾಯಿ ಅಂಗಡಿಯ ದಾರಿ ಹಿಡಿಯಿತು. ಕೊನೆಗೆ ರಂಜನ, ಆ ದರಕ್ಕೆ ಆಗುವುದಿಲ್ಲ ಎಂದು ಅಮೆರಿಕದ ಖರೀದಿದಾರನಿಗೇ ಹೇಳಿದ. ಆರ್ಡರ್ ಹೋಯಿತು. ವನಜಕ್ಕನ ಗುಂಪು ಮರಳಿ ಬಂದು ಹಳೆಯ ಕೂಲಿಗೇ ಸುಲಿದ ಮಾಲನ್ನು ದೀಪಾವಳಿಗೆ ಮುಂಬೈಯಲ್ಲಿ ಮಾರಿದೆವು. ನನ್ನ ಕಮಿಷನ್ನೂ ಸ್ವಲ್ಪ ಕರಗಿತು. ಆದರೆ ಅಷ್ಟು ದೊಡ್ಡ ಗಿರಾಕಿ ಮತ್ತೆ ಸಿಗಲಿಲ್ಲ. ಕೆಲಸ ವಾರಕ್ಕೆ ನಾಲ್ಕೇ ದಿನವಾಯಿತು.

ಈಗ ಸಮಾಧಾನವಾಯಿತೇ ಎಂದು ವನಜಕ್ಕನನ್ನು ಕೆಣಕಿದೆ.

"ಉಳ್ದ್ ದಿನ ಮೀನ್ ಮಾರ್ತೆ. ಕೂಲಿ ಮಾತ್ರ ಇಳ್ಸುಕ್ ಬಿಡೂದಿಲ್ಲೆ."

ಮುಂದಿನ ವಾರ ಅವಳ ಬುಟ್ಟಿಯೆದುರು ಬಂಗಡೆಗೆ ಚೌಕಾಸಿ ಮಾಡಿ ನೋಡಿದೆ. ಅಲ್ಲಿಯೂ ಒಂದು ರೂಪಾಯಿ ಇಳಿಯಲಿಲ್ಲ.