ಅಳತೆ ತೆಗೆಯದೆ ಹೊಲಿದ ಅಂಗಿ

ಟೇಪು ಹಿಡಿಯದೆ ಕತ್ತರಿ ಮುಟ್ಟಿದವಳೇ ಅಲ್ಲ ಆಕೆ. ಅದಕ್ಕೇ ಓಣಿಯವರಿಗೆಲ್ಲ ಟೇಪಕ್ಕ. ‘ಹಳೇ ಅಳತೇನೇ ಇದೆಯಲ್ಲಕ್ಕ’ ಎಂದು ಯಾರಾದರೂ ರಾಗ ತೆಗೆದರೆ, ‘ಹೋದ ವರ್ಷದ ಸೊಂಟ ಈ ವರ್ಷ ಎಲ್ಲಿರುತ್ತಮ್ಮ, ಕೈ ಎತ್ತು’ ಎನ್ನುತ್ತಿದ್ದಳು.

ಗಂಡ ಎನ್ನುವವನು ಮಗಳಿಗೆ ಹಲ್ಲು ಹುಟ್ಟುವ ಮೊದಲೇ ಕೈಕೊಟ್ಟು ಹೋಗಿದ್ದ. ಮಿಷನ್ ತುಳಿದೇ ಮಗಳನ್ನು ಓದಿಸಿ, ಕೆಲಸಕ್ಕೆ ಸೇರಿಸಿ, ಇನ್ನೇನು ಉಸ್ಸಪ್ಪಾ ಎನ್ನಬೇಕು, ಬಿಟ್ಟುಹೋದ ಆ ಪುಣ್ಯಾತ್ಮನೇ ಮಗಳಿಗೆ ಸಿಕ್ಕಿಬಿಟ್ಟ. ಸಿಕ್ಕಿದ್ದೇನು, ಅವಳೇ ಹುಡುಕಿಕೊಂಡು ಹೋದಳು. ಈಗ ಭಾನುವಾರವೆಲ್ಲ ಅವನ ಪಾಲು. ತಾಯಿ ಮಗಳು ಮಧ್ಯಾಹ್ನವೆಲ್ಲ ಒಂದೇ ಹಾಸಿಗೆಯ ಮೇಲೆ ಹರಟುತ್ತ ಬಿದ್ದಿರುತ್ತಿದ್ದ ಭಾನುವಾರ. ಸಂಜೆ ಬಂದವಳು ‘ಅಪ್ಪ ಹಾಗಂದ್ರು, ಅಪ್ಪ ಹೀಗಂದ್ರು’ ಎಂದು ಶುರುಮಾಡಿದರೆ ಟೇಪಕ್ಕನಿಗೆ ಮೈಯೆಲ್ಲ ಉರಿ. ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ? ಜ್ವರ ಬಂದಾಗ ನಿದ್ದೆಗೆಟ್ಟವಳು ಇವಳು, ‘ನಿನ್ನ ನಗು ಎಷ್ಟು ಚೆಂದ’ ಎಂದು ಪುಗಸಟ್ಟೆ ಗೆದ್ದವನು ಅವನು. ಹೀಗೇ ಬಿಟ್ಟರೆ ಮಗಳು ಬಟ್ಟೆಬರೆ ಕಟ್ಟಿಕೊಂಡು ಅಲ್ಲಿಗೇ ಹೊರಟುಬಿಟ್ಟಾಳು ಎಂದು ಭಯ.

ಒಂದು ದಿನ ಮಗಳು ನೀಲಿ ಬಟ್ಟೆ ತಂದು ಮಿಷನ್ ಮೇಲಿಟ್ಟಳು. ‘ಅಪ್ಪಂಗೊಂದು ಶರ್ಟ್ ಹೊಲಿದುಕೊಡಮ್ಮ. ಅಳತೆಗೆ ಅವರ ಹಳೇದೊಂದು ತರ್ತೀನಿ.’

‘ಅವನ ಬೆವರಿನ ಅಂಗಿ ನನ್ನ ಅಂಗಡಿಗೆ ಬರಕೂಡದು. ಅಳತೆ ಏನೂ ಬೇಡ.’

ನಿನ್ನೆ ಮೊನ್ನೆ ಅವನನ್ನು ಕಂಡ ಹುಡುಗಿಗೆ, ಅವನನ್ನು ನಿಜವಾಗಿ ಬಲ್ಲವರು ಯಾರೆಂದು ತೋರಿಸುವ ಹಟ ಟೇಪಕ್ಕನದು. ಟೇಪು ಮುಟ್ಟದೆ ಕತ್ತರಿಸಿದಳು, ಹೊಲಿದಳು, ಇಸ್ತ್ರಿ ಮಾಡಿ ಕೊಟ್ಟಳು.

ಭಾನುವಾರ ಮಗಳು ಬೇಗನೆ ವಾಪಸ್ಸು ಬಂದಳು. ಅಂಗಿ ಕೈಯಲ್ಲೇ ಇತ್ತು.

‘ಗುಂಡಿ ಹಾಕೋಕೇ ಆಗ್ಲಿಲ್ಲ. ಅಪ್ಪಂಗೆ ಹೊಟ್ಟೆ ಬಂದಿದೆ, ಭುಜ ಜೋತುಬಿದ್ದಿದೆ. ಇದು ಯಾರೋ ಹುಡುಗನ ಶರ್ಟ್ ಅಮ್ಮ.’

ಮಗಳು ಅಷ್ಟಕ್ಕೇ ಬಿಡಲಿಲ್ಲ. ‘ನನಗೆ ಮಾತ್ರ ಪ್ರತಿ ಸಲ ಟೇಪ್ ಹಿಡೀತೀಯ. ಅವರದು ಬಾಯಿಪಾಠ.’

ಅಂಗಿಯನ್ನು ಮಿಷನ್ ಮೇಲೆ ಎಸೆದಳು. ಅಯ್ಯೋ, ಇವಳಿಗೂ ಹೊಟ್ಟೆಕಿಚ್ಚು ಎಂದು ಗೊತ್ತಾಗಿ ತಾಯಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

‘ನೀನು ಬೆಳೀತಾ ಇದ್ದೆ ಕಣೇ. ಅವನು ಎದ್ದು ಹೋದಾಗ ಎಷ್ಟಿದ್ನೋ ನನಗೆ ಅಷ್ಟೇ.’

‘ಹಾಗಾದ್ರೆ ಒಂದ್ಸಲ ಬಂದು ಅಳತೆ ತಗೋ.’

‘ಸತ್ತರೂ ಬರಲ್ಲ. ನೀನೇ ತಗೊಂಡು ಬಾ, ಹೇಳಿಕೊಡ್ತೀನಿ.’

ಟೇಪನ್ನು ಮಗಳ ಕೈಗಿಟ್ಟು ತೋಳು ಎತ್ತಿ ನಿಂತಳು. ಎದೆಯ ಸುತ್ತಳತೆಗೆಂದು ಮಗಳು ಎರಡೂ ಕೈಗಳಿಂದ ತಾಯಿಯನ್ನು ಬಳಸಿದಳು. ಅವಳ ಕೆನ್ನೆ ತಾಯಿಯ ಹೆಗಲಿಗೆ ಒತ್ತಿತು. ಟೇಪಿನ ತುದಿ ಕೈಗೆ ಸಿಕ್ಕಿದ ಮೇಲೂ ಹಾಗೇ ಇದ್ದಳು.

‘ಅವನಿಗೆ ಹೀಗೆ ಹಿಡೀಬೇಡ,’ ಎಂದಳು ಟೇಪಕ್ಕ. ‘ಟೇಪ್ ಕೈಗೆ ಕೊಡು, ಅವನೇ ಸುತ್ಕೊಳ್ಲಿ.’