ಮೂರು ಊರಿಗೆ ರೊಟ್ಟಿ ಮಷಿನ್ನಿನ ಪುಸ್ತಕ

ನನ್ನ ಸೊಸೆ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಾಳೆ ಎಂದರೆ ಆಳಂದದ ನಮ್ಮ ಓಣಿಯವರು ಹೊಲಿಗೆ ಎಂದುಕೊಳ್ಳುತ್ತಾರೆ. ಹೊಲಿಗೆಯಲ್ಲ, ಪುಸ್ತಕ ಬರೆಯುತ್ತಾಳೆ ಎಂದರೆ ಕಥೆಯೇ ಎಂದು ಕೇಳುತ್ತಾರೆ. ಕಥೆಯೂ ಅಲ್ಲ. ಮಷಿನ್ ಹೇಗೆ ನಡೆಸಬೇಕು, ಎಲ್ಲಿ ಕೈ ಇಡಬಾರದು, ಕೆಟ್ಟರೆ ಏನು ಮಾಡಬೇಕು ಎಂದು ತಿಳಿಸುವ ಪುಸ್ತಕ. ಅದನ್ನು ಬರೆಯಲೂ ಒಬ್ಬರು ಬೇಕೆಂದು ಐವತ್ತು ದಾಟುವವರೆಗೆ ನನಗೂ ಗೊತ್ತಿರಲಿಲ್ಲ. ಮಿಕ್ಸರ್ ಜೊತೆ ಬಂದ ಪುಸ್ತಕವನ್ನು ನಾನು ಎಣ್ಣೆ ಡಬ್ಬಿಯ ಕೆಳಗೆ ಹಾಸಿದ್ದೆ. ದೇವರು ಕ್ಷಮಿಸಲಿ.

ಮಗು ಹುಟ್ಟಿದ ಮೇಲೆ ಸೊಸೆ ನಾಲ್ಕು ಕಡೆ ಅರ್ಜಿ ಹಾಕಿ, ನಾಲ್ಕೂ ಕಡೆ ‘ಮನೆಯಿಂದ ಮಾಡುವುದಾದರೆ ಬೇಡ’ ಅನ್ನಿಸಿಕೊಂಡಿದ್ದಳು. ಐದನೆಯದಾಗಿ ರೊಟ್ಟಿ ಮಷಿನ್ ಮಾಡುವ ಸಣ್ಣ ಕಾರ್ಖಾನೆಯ ಮಾಲಕಿಯೊಬ್ಬರು ಮೂರು ತಿಂಗಳ ಮಟ್ಟಿಗೆ ನೋಡೋಣ ಎಂದರು. ಮೂರು ಮಹಿಳಾ ಸಂಘಗಳಿಗೆ ಮೂರು ಥರದ ಮಷಿನ್ ಹೋಗಬೇಕಿತ್ತು. ಆಳಂದದವರದು ಹಳೆಯ ಮಾದರಿ, ಹಿಡಿಕೆ ತಿರುಗಿಸಿ ರೊಟ್ಟಿ ಒತ್ತುವುದು. ಅಫಜಲಪುರದವರದು ಗ್ಯಾಸಿನ ಮೇಲೆ ಬೇಯಿಸುವುದು. ಜೇವರ್ಗಿ ಕಡೆಯ ಇಜೇರಿಯವರದು ಹೊಸದು, ಪೂರಾ ಕರೆಂಟಿನದು. ಮೂರೂ ಪುಸ್ತಕ ಸರಿಯಾಗಿ ಬಂದರೆ ಕೆಲಸ ಪಕ್ಕಾ, ಇಲ್ಲದಿದ್ದರೆ ಹೈದರಾಬಾದಿನವರಿಗೆ ಕೊಡುತ್ತೇನೆ ಎಂದು ಮಾಲಕಿ ಮೊದಲೇ ಹೇಳಿದ್ದರು. ಸೊಸೆ ಆ ಮಾತನ್ನು ನನಗೆ ಹೇಳುವಾಗ ನಕ್ಕಳು. ಅವಳಿಗೆ ಹೆದರಿಕೆಯಾದಾಗ ಹಾಗೆ ನಗುತ್ತಾಳೆ.

“ಮೂರು ಪುಸ್ತಕ ಬ್ಯಾರೆ ಬ್ಯಾರೆ ಬರದು ಒಗದುಬಿಡು,” ಎಂದೆ ನಾನು.

“ಹಂಗ ಮಾಡಿದ್ರ ನಾಳೆ ಎಣ್ಣಿ ಬಿಡೋ ಜಾಗ ಬದಲಾದ್ರ ಮೂರು ಕಡೆ ತಿದ್ದಬೇಕ್ರಿ ಅತ್ತಿ. ಒಂದು ಕಡೆ ಮರತ್ರ ಮುಗೀತು. ಒಂದ ದೊಡ್ಡ ಪುಸ್ತಕ ಬರೀತೇನಿ. ಯಾವ ಮಾತು ಯಾರಿಗೆ ಅಂತ ಗುರುತು ಹಾಕ್ತೇನಿ. ಕಂಪ್ಯೂಟರ್ ಆರಿಸಿ ಮೂರು ಮಾಡಿ ಕೊಡ್ತದ.”

ನನಗೆ ತಕ್ಷಣ ತಿಳಿಯಿತು. ನಮ್ಮ ಮನೆಯಲ್ಲಿ ಬೇಳೆ ಬೇಯುವುದು ಒಂದೇ ಕುಕ್ಕರಿನಲ್ಲಿ. ಮನೆಯವರಿಗೆ ಬಿಪಿ, ಅವರದಕ್ಕೆ ಉಪ್ಪು ಕಡಿಮೆ. ಸೊಸೆಗೆ ಖಾರ ಮುಂದು. ನನಗೆ ಸೋಮವಾರ ಬೆಳ್ಳುಳ್ಳಿ ನಡೆಯುವುದಿಲ್ಲ. ಒಂದೇ ಬೇಳೆ, ಒಗ್ಗರಣೆ ಬೇರೆ. ಇದನ್ನು ಹೇಳಿದಾಗ ಸೊಸೆ, “ಇಷ್ಟ ನೋಡ್ರಿ ನನ್ನ ಕೆಲಸ,” ಎಂದು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡಳು. ಅವಳು ಬರೆದದ್ದನ್ನು ಮುದ್ರಿಸಿ ತರುವುದು, ನಾನು ಓದಿ ರೊಟ್ಟಿ ತಟ್ಟುವವರ ಮಾತಿಗೆ ತರುವುದು. ಗುರುತಿಗೆ ಏನು ಮಾಡೋಣ ಎಂದಾಗ ನನ್ನ ಟಿಕಳಿ ಪಾಕೀಟುಗಳನ್ನೇ ತಂದಿಟ್ಟೆ. ಹಣೆಗೆ ಹಚ್ಚುವ ಅಂಟಿನ ಟಿಕಳಿ. ಆಳಂದಕ್ಕೆ ಮಾತ್ರ ಸಂಬಂಧಿಸಿದ ಮಾತಿನ ಮುಂದೆ ಕೆಂಪು, ಅಫಜಲಪುರಕ್ಕೆ ಹಸಿರು, ಇಜೇರಿಗೆ ಹಳದಿ. ಟಿಕಳಿ ಇಲ್ಲದ್ದು ಎಲ್ಲರಿಗೂ. ಆ ಹಾಳೆಗಳನ್ನು ನೋಡಿಕೊಂಡು ಅವಳು ಕಂಪ್ಯೂಟರಿನಲ್ಲಿ ಗುರುತು ಹಾಕಬೇಕು.

ಎಂಟು ದಿನ ಅದೇ ಹಬ್ಬ. ಹಿಟ್ಟಿನ ಕೈಯಲ್ಲೇ ಟಿಕಳಿ ಅಂಟಿಸುತ್ತಿದ್ದೆ. ಮನೆಯವರು ಒಂದು ಹಾಳೆ ಎತ್ತಿ ನೋಡಿ, “ಇದಕ್ಕ ಅರಿಶಿಣ ಕುಂಕುಮ ಹಚ್ಚಿ ಮದುವಿ ಮಾಡೋದೇನು?” ಎಂದರು.

ನಡುವೆ ಒಂದು ಗುರುವಾರ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೊರಟೆ. ಹಸಿರು ಸೀರೆ ಉಟ್ಟಿದ್ದೆ. ಜೀಪು ಬಾಗಿಲಿಗೆ ಬಂದು ಹಾರ್ನ್ ಹಾಕುತ್ತಿತ್ತು. ಪಾಕೀಟು ನೋಡಿದರೆ ಖಾಲಿ. ಟಿಕಳಿಯೆಲ್ಲ ಹಾಳೆಗಳ ಮೇಲಿತ್ತು. ಬೋಳು ಹಣೆಯಲ್ಲಿ ದೇವರ ಮುಂದೆ ಹೇಗೆ ನಿಲ್ಲಲಿ? ಮೇಲಿನ ಹಾಳೆಯಿಂದ ಒಂದು ಹಸಿರು ಟಿಕಳಿ ಕಿತ್ತು ಹಚ್ಚಿಕೊಂಡೆ. ಬಂದು ತಿರುಗಿ ಅಂಟಿಸಿದರಾಯಿತು ಎಂದುಕೊಂಡೆ. ಚೌಡಾಪುರ ದಾಟುವಷ್ಟರಲ್ಲಿ ಮರೆತೆ. ಸಂಗಮದಲ್ಲಿ ಮುಳುಗು ಹಾಕಿದಾಗ ಟಿಕಳಿ ಭೀಮೆಯ ಪಾಲಾಯಿತು. ದರ್ಶನ ಮಾತ್ರ ಗದ್ದಲವಿಲ್ಲದೆ ಸಿಕ್ಕಿತು. ಆ ದಿನದ ಕೃಪೆ ಎಂದು ನಾನು ಎಣಿಸಿದ್ದು ಅದೊಂದನ್ನೇ.

ಪುಸ್ತಕಗಳು ಅಚ್ಚಾಗಿ ಮೂರು ಊರಿಗೂ ಹೋದವು. ತಿಂಗಳ ಮೇಲೆ ಮಾಲಕಿ, ಇಜೇರಿಯಲ್ಲಿ ಮಷಿನ್ ಹೇಗೆ ನಡೆದಿದೆ ನೋಡಿ ಬಂದು ಕೆಲಸದ ಮಾತು ಮುಗಿಸೋಣ ಎಂದು ಸೊಸೆಯನ್ನು ಕರೆದರು. ಮಗುವನ್ನು ಹಿಡಿಯಲು ನಾನೂ ಕಾರಿನಲ್ಲಿ ಕುಳಿತೆ.

ಸಂಘದ ಕೋಣೆ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಕರೆಂಟಿನ ಮಷಿನ್ ಟಪಟಪ ರೊಟ್ಟಿ ಉದುರಿಸುತ್ತಿತ್ತು. ಅದರ ಎಡಕ್ಕೆ, ನೆಟ್ಟಗೆ, ಕುಂಕುಮ ಹಚ್ಚಿಸಿಕೊಂಡು, ಒಂದು ಗ್ಯಾಸ್ ಸಿಲಿಂಡರ್ ನಿಂತಿತ್ತು. ಅದಕ್ಕೆ ಪೈಪೂ ಇಲ್ಲ, ಒಲೆಯೂ ಇಲ್ಲ.

“ಇದ್ಯಾಕ್ರಿ ಇಲ್ಲಿ?” ಎಂದರು ಮಾಲಕಿ.

ಸಂಘದ ಅಧ್ಯಕ್ಷೆ, ನನ್ನದೇ ವಯಸ್ಸಿನ ಗಟ್ಟಿ ದನಿಯ ಹೆಂಗಸು, “ಪುಸ್ತಕದಾಗ ಬರದದಲ್ರಿ,” ಎಂದರು. “ಸಿಲಿಂಡರ್ ಎಡಗಡೆ ನೆಟ್ಟಗ ನಿಲ್ಲಿಸಬೇಕು, ಕೆಲಸ ಚಾಲೂ ಮಾಡೋಕಿಂತ ಮೊದಲ ಬಂದ್ ಅದನೋ ಇಲ್ಲೋ ನೋಡಬೇಕು ಅಂತ. ದಿನಾ ನೋಡೇ ಸ್ವಿಚ್ ಹಾಕ್ತೀವಿ.”

“ಇದು ಕರೆಂಟಿನ ಮಷಿನ್ ಅದಲ್ರಿ ಅಕ್ಕ.”

“ನಮಗೂ ಹಂಗ ಅನಸ್ತು. ಬರದವ್ರು ಓದಿದ ಮಂದಿ, ಏನೋ ಕಾರಣ ಇರ್ತದ ಅಂತ ಸುಮ್ಮನಾದಿವಿ. ಪಾಳಿ ಹಚ್ಚೀವ್ರಿ, ವಾರಕ್ಕ ಒಬ್ಬರ ಮನಿ ಸಿಲಿಂಡರ್. ಈ ವಾರ ನಂದು. ನಮ್ಮ ಮನ್ಯಾಗ ಕಟಗಿ ಒಲಿ ಮ್ಯಾಲ ಅಡಗಿ ನಡದದ, ನಮ್ಮವ್ರು ಊಟಕ್ಕ ಕೂತಾಗೊಮ್ಮೆ ಬಯ್ಯಾಕತ್ತಾರ.”

ಹಿಂದಿನಿಂದ ಇನ್ನೊಬ್ಬಳು, “ಆದ್ರ ಮಷಿನ್ ಒಂದು ದಿನಾನೂ ಕೆಟ್ಟಿಲ್ರಿ,” ಎಂದಳು.

ಸೊಸೆ ಪುಸ್ತಕ ತೆರೆದಳು. ಅಫಜಲಪುರದವರಿಗೆ ಮಾತ್ರ ಹೋಗಬೇಕಾದ ಎರಡು ಸಾಲು ಅಲ್ಲಿ ಕುಳಿತಿದ್ದವು. “ಅತ್ತಿ, ಇದಕ್ಕ ಹಸಿರು ಟಿಕಳಿ ಹಚ್ಚಿದ್ದಿವಲ್ರಿ,” ಎಂದು ನನ್ನ ಕಡೆ ತಿರುಗಿ ಮತ್ತೆ ಆ ನಗು ನಕ್ಕಳು. ನನ್ನ ಕೈ ತಾನಾಗಿ ಹಣೆಗೆ ಹೋಯಿತು. ಐದನೆಯ ಕಡೆಯೂ ಬಾಗಿಲು ಮುಚ್ಚಿದರೆ ಅದನ್ನು ಮುಚ್ಚಿದವಳು ನಾನೇ.

“ತಪ್ಪು ಆಕೀದಲ್ರಿ, ನಂದು,” ಎಂದೆ. “ಆ ಟಿಕಳಿ ನಾ ಹಚ್ಕೊಂಡು ಗಾಣಗಾಪುರಕ್ಕ ಹೋಗಿದ್ದೆ.”

ಮಾಲಕಿಗೆ ಮೊದಲು ಏನೂ ತಿಳಿಯಲಿಲ್ಲ. ಹಾಳೆ, ಬಣ್ಣ, ಜೀಪು, ಸೀರೆ, ಸಂಗಮ, ಎಲ್ಲವನ್ನೂ ಹೇಳಿದೆ. ಅವರು ಜೋಳದ ಹಿಟ್ಟಿನ ಚೀಲದ ಮೇಲೆ ಕುಸಿದು ಕುಳಿತು ನಕ್ಕರು. ಅವರನ್ನು ನೋಡಿ ಅಧ್ಯಕ್ಷೆ ನಕ್ಕರು, ಅವರನ್ನು ನೋಡಿ ಇಡೀ ಸಂಘ ನಕ್ಕಿತು, ಕಂಕುಳಲ್ಲಿದ್ದ ಮಗುವೂ ಕೇಕೆ ಹಾಕಿತು. ಮಷಿನ್ ಬಂದ್ ಮಾಡುವವರಿಲ್ಲದೆ ರೊಟ್ಟಿಗಳು ಒಂದರ ಮೇಲೊಂದು ಬೀಳುತ್ತಲೇ ಇದ್ದವು.

ನಗದೆ ಇದ್ದವಳು ಸೊಸೆ ಒಬ್ಬಳೇ. “ಟಿಕಳಿ ಕಿತ್ತದ್ದು ನಮ್ಮ ಅತ್ತಿ ಇರಬಹುದ್ರಿ,” ಎಂದಳು ನಿಧಾನವಾಗಿ. “ಆದ್ರ ಗುರುತು ಬಿದ್ದುಹೋದ್ರ ಎಲ್ಲಾರಿಗೂ ಹೋಗೋ ಹಂಗ ಇಟ್ಟದ್ದು ನಾನು. ಇನ್ನ ಮ್ಯಾಲ ‘ಎಲ್ಲಾರಿಗೂ’ ಅನ್ನೋದಕ್ಕೂ ಒಂದು ಗುರುತು ಹಾಕ್ತೇನಿ. ಗುರುತು ಇಲ್ಲದ್ದು ಯಾರ ಪುಸ್ತಕಕ್ಕೂ ಹೋಗಂಗಿಲ್ಲ. ಅಂಥಾದ್ದು ಉಳದ್ರ ಕಂಪ್ಯೂಟರ್ ನನ್ನ ಕೇಳ್ತದ.”

ಮಾಲಕಿ ಕಣ್ಣೊರೆಸಿಕೊಂಡರು. “ಹಂಗಾದ್ರ ಆಳಂದದ ಪುಸ್ತಕದಾಗೂ ಇದು ಹೋಗಿರಬೇಕಲ್ಲ?” ಎಂದು ಅಲ್ಲಿಯ ಸಂಘಕ್ಕೆ ಫೋನ್ ಹಚ್ಚಿದರು. ದನಿ ನಮಗೆಲ್ಲ ಕೇಳುತ್ತಿತ್ತು. “ಪುಸ್ತಕ ಏನ್ರಿ? ಅದರ ಪ್ಲಾಸ್ಟಿಕ್ ಸುದ್ದಾ ತಗದಿಲ್ರಿ. ಹೊಸಾದು ಹಂಗ ಇರಲಿ ಅಂತ ದೇವರ ಜಗಲಿ ಮ್ಯಾಲ ಇಟ್ಟೀವಿ.”

ಮಾಲಕಿ ಫೋನ್ ಇಟ್ಟು ಸಿಲಿಂಡರಿನ ಕಡೆ ತಿರುಗಿದರು. “ಇಷ್ಟು ವರ್ಷದಾಗ ನನ್ನ ಮಷಿನ್ನಿನ ಪುಸ್ತಕ ಯಾರರೆ ಓದಿದ್ದು ಇದ ಮೊದಲ. ತಿಳಿಯೋ ಹಂಗ ಬರದೀರಿ, ಅದಕ್ಕ ಹೊತ್ಕೊಂಡು ಬಂದಾರ,” ಎಂದರು. ಆದರೆ ಕೆಲಸ ಪಕ್ಕಾ ಎನ್ನಲಿಲ್ಲ. ತಿದ್ದಿದ ಪುಸ್ತಕ ಬರಲಿ, ಆಮೇಲೆ ಹೇಳುತ್ತೇನೆ ಎಂದರು. ಅಧ್ಯಕ್ಷೆ ಆಗಲೇ ಸಿಲಿಂಡರ್ ಉರುಳಿಸಿಕೊಂಡು ಮನೆಯ ಕಡೆ ಹೊರಟಿದ್ದರು.

ದಾರಿಯಲ್ಲಿ ನಾನು ದತ್ತನ ಕೃಪೆಗಳನ್ನು ಎಣಿಸಿದೆ. ಆ ಸಾಲು ‘ಬಂದ್ ಇದೆಯೇ ನೋಡಿ’ ಎಂದಿತ್ತು, ‘ಗ್ಯಾಸ್ ಬಿಡಿ’ ಎಂದಿರಲಿಲ್ಲ. ಯಾರ ಕೈಯೂ ಸುಡಲಿಲ್ಲ. ಸೊಸೆ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಸಿಂಬಳ ಸುರಿಸುತ್ತಿದ್ದ ಮಗುವಿನ ಮೂಗು ಒರೆಸಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು.

ತಿದ್ದಿದ ಪುಸ್ತಕಗಳು ಹೋದ ಮೂರನೆಯ ದಿನ ಮಾಲಕಿಯ ಫೋನ್ ಬಂತು. ಸೊಸೆ ಸ್ಪೀಕರ್ ಹಚ್ಚಿ ನನ್ನ ಕೈ ಹಿಡಿದು ಕುಳಿತಳು.

“ಇಜೇರಿಯವ್ರು ಜಗಳ ತಗದಾರ,” ಎಂದರು ಮಾಲಕಿ. “ಅಫಜಲಪುರದವ್ರ ಪುಸ್ತಕದ ಜೋಡಿ ತಮ್ಮದು ಇಟ್ಟು ನೋಡ್ಯಾರ. ಅವರಿಗೆ ಒಂದು ಪುಟ ಹೆಚ್ಚು, ನಮಗ ಕಮ್ಮಿ ಯಾಕ, ನಮ್ಮ ಮಷಿನ್ ಹೊಸಾದು ಅಲ್ಲೇನು ಅಂತ. ಅವರಿಗೂ ಒಂದು ಪುಟ ಮಾಡಿ ಕೊಡವ್ವಾ. ಅದು ಮುಗದ ಮ್ಯಾಲ ಹಿಟ್ಟು ನಾದೋ ಮಷಿನ್ನಿಂದು ಚಾಲೂ ಮಾಡು. ಹೈದರಾಬಾದಿನವ್ರಿಗೆ ಬ್ಯಾಡ ಅಂದೀನಿ.”

ಸೊಸೆ ಫೋನ್ ಇಟ್ಟು ಅಡುಗೆಮನೆಯಲ್ಲಿ ಎರಡು ಸುತ್ತು ಕುಣಿದಳು. ನಾನು ದೇವರಿಗೆ ಒಂದು ದೀಪ ಹೆಚ್ಚು ಹಚ್ಚಿದೆ. ಆಮೇಲೆ ಅವಳು ಕಂಪ್ಯೂಟರ್ ಮುಂದೆ ಕುಳಿತು, “ಅತ್ತಿ, ಇಜೇರಿಯವ್ರಿಗೆ ಅಷ್ಟ ಬೇಕಾಗೋದು ಏನರೆ ಹೇಳ್ರಿ. ಸುಮ್ಮನ ಪುಟ ತುಂಬಸಾಕ ಬರಂಗಿಲ್ಲ,” ಎಂದಳು.

“ಕರೆಂಟ್ ಹೋದ್ರ ಏನ್ ಮಾಡಬೇಕು ಅಂತ ಬರದೀಯೇನು?”

ಅವಳು ಬರೆದಿರಲಿಲ್ಲ. ನಾನೂ ಇಷ್ಟು ದಿನ ಕೇಳಿರಲಿಲ್ಲ. ಮೊದಲು ಸ್ವಿಚ್ ಬಂದ್ ಮಾಡಬೇಕು, ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸಬೇಕು, ಒಳಗೆ ಉಳಿದ ರೊಟ್ಟಿಯನ್ನು ಕೈಯಿಂದ ಎಳೆಯಬಾರದು, ಕರೆಂಟ್ ಬಂದ ಮೇಲಿನ ಮೊದಲ ರೊಟ್ಟಿಯನ್ನು ದನಕ್ಕೆ ಹಾಕಬೇಕು. ನಾನು ಹೇಳುತ್ತ ಹೋದೆ, ಅವಳು ಒಂದೊಂದಕ್ಕೂ ಗುರುತು ಹಾಕಿ ಬರೆಯುತ್ತ ಹೋದಳು. ಒಂದು ಪುಟ ಕೇಳಿದ್ದರು, ಎರಡಾಯಿತು.

ಈಗ ಅಫಜಲಪುರದವರು ಫೋನ್ ಮಾಡುತ್ತಿದ್ದಾರೆ.